ಮರವನ್ನು ಕೊಲ್ಲುವುದು ವಯಸ್ಸಲ್ಲ: ಮೈಸೂರಿನ ತರುಣ ಎಂಜಿನಿಯರರಿಗೊಂದು ಬಹಿರಂಗ ಪತ್ರ

ಮೈಸೂರು ನಗರದ ತಾಂತ್ರಿಕ ಕಾಲೇಜುಗಳಲ್ಲಿ ಸಿವಿಲ್ ಎಂಜಿನಿಯರಿಂಗನ್ನೂ ವಾಸ್ತುಶಿಲ್ಪವನ್ನೂ ಅಭ್ಯಸಿಸಿ ಈಗತಾನೆ ವೃತ್ತಿಯಲ್ಲಿ ಕಾಲಿಡುತ್ತಿರುವ ತರುಣ ಮಿತ್ರರಿಗೆ,



ಸರ್ಕಾರಿ ಕಟ್ಟಡಗಳ ನಡುವೆ ವೃತ್ತಿಜೀವನವನ್ನು ಕಳೆದು ಈಗ ವಿಶ್ರಾಂತಿಯಲ್ಲಿರತಕ್ಕ ಒಬ್ಬ ಹಿರಿಯನ ಮಾತೆಂದು ಭಾವಿಸಿ ಈ ಪತ್ರವನ್ನು ತುಸು ವ್ಯವಧಾನದಿಂದ ಓದಬೇಕೆಂದು ಮೊದಲಿಗೇ ಕೇಳಿಕೊಳ್ಳುತ್ತೇನೆ. ನಮ್ಮ ಊರಿನ ಅಗ್ರಹಾರ, ಲಕ್ಷ್ಮೀಪುರಂ, ಚಾಮರಾಜಪುರಂ ಮುಂತಾದ ಹಳೆಯ ಬಡಾವಣೆಗಳಲ್ಲಿ ಹೆಂಚಿನ ಮನೆಗಳೂ ಮದ್ರಾಸ್ ತಾರಸಿಯ ಮನೆಗಳೂ ಒಂದೊಂದಾಗಿ ನೆಲಸಮವಾಗುತ್ತಿರುವುದನ್ನು, ಅವುಗಳ ತೊಲೆ, ಜಂತೆ, ಬೋದಿಗೆ, ಬಾಗಿಲುವಾಡಗಳು ಲಾರಿಯಲ್ಲಿ ಹಳೆಯ ಮರದ ಅಂಗಡಿಗೆ ಸಾಗುತ್ತಿರುವುದನ್ನು, ಅದೇ ನಿವೇಶನಗಳಲ್ಲಿ ಏಳುವ ಹೊಸ ಮನೆಗಳಿಗೆ ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳ ಷೀಟುಗಳು ಬಂದಿಳಿಯುತ್ತಿರುವುದನ್ನು ನೀವೂ ದಿನವೂ ನೋಡುತ್ತಿದ್ದೀರಿ. ಹಳೆಯದಾದ್ದರಿಂದ ಮರ ಕೆಟ್ಟಿರಲೇಬೇಕೆಂಬ ನಂಬಿಕೆಯಿಂದ ಒಂದು ತೀರ್ಮಾನ, ದುಬಾರಿಯಾದ್ದರಿಂದ ಹಲಗೆ ಬಾಳಲೇಬೇಕೆಂಬ ನಂಬಿಕೆಯಿಂದ ಇನ್ನೊಂದು ತೀರ್ಮಾನ. ಎರಡರಲ್ಲಿಯೂ ಯಾರೂ ಏನನ್ನೂ ಅಳೆದು ನೋಡಿರುವುದಿಲ್ಲ. ಅಳೆದು ನೋಡುವ ಶಾಸ್ತ್ರವೊಂದು ನಮ್ಮ ನಾಡಿನಲ್ಲಿಯೇ ಎಂಟು ದಶಕಗಳಿಗೂ ಮಿಕ್ಕಿ ಬೆಳೆದು ಬಂದಿರುವಾಗ, ಆ ಶಾಸ್ತ್ರಕ್ಕೆ ಉತ್ತರಾಧಿಕಾರಿಗಳಾದ ನೀವು ಈ ಎರಡು ಮೂಢನಂಬಿಕೆಗಳಿಗೆ ಸಹಿ ಹಾಕಕೂಡದೆಂಬುದೇ ಈ ಪತ್ರದ ಆಶಯ.

ಮರದ ಬಾಳಿಕೆಯ ವಿಚಾರದಲ್ಲಿ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿಯೆಂದರೆ, ಕಾಲವೊಂದರಿಂದಲೇ ಮರ ಸಾಯುವುದಿಲ್ಲವೆಂಬುದು. ಅದನ್ನು ಕೊಲ್ಲುವವರು ಬೇರೆ ಇದ್ದಾರೆ: ಶಿಲೀಂಧ್ರ, ಗೆದ್ದಲು, ಕೊರೆಹುಳು, ಬೆಂಕಿ, ಬಿಸಿಲು, ಮತ್ತು ಇವುಗಳಲ್ಲಿ ಬಹುಪಾಲಿಗೆ ಬಾಗಿಲು ತೆರೆದುಕೊಡುವ ನೀರು. ಮರದ ಕೋಶಭಿತ್ತಿಗಳು ಗಾಳಿಯ ತೇವಕ್ಕನುಸಾರವಾಗಿ ನೀರನ್ನು ಹೀರುತ್ತಲೂ ಬಿಡುತ್ತಲೂ ಇರುತ್ತವೆ. ಒಣತೂಕದ ನೂರಕ್ಕೆ ಸುಮಾರು 30 ಭಾಗದಷ್ಟನ್ನು ಭಿತ್ತಿಗಳೇ ಹಿಡಿದಿಡಬಲ್ಲವು, ಅದಕ್ಕೆ ಮೀರಿದ್ದು ಕೋಶದ ಪೊಳ್ಳಿನಲ್ಲಿ ನಿಲ್ಲುತ್ತದೆ. ತೇವಾಂಶ ನೂರಕ್ಕೆ 20ಕ್ಕಿಂತ ಕೆಳಗೆ ಸ್ಥಿರವಾಗಿ ನಿಂತಿದ್ದರೆ ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಅಲ್ಲಿ ಬಾಳುವೆಯಿಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುವ, ಬಹು ಭಾಗ ಒಣಹವೆಯೇ ಇರುವ ನಮ್ಮ ಮೈಸೂರಿನಲ್ಲಿ, ಸೂರಿನಡಿ ಗಾಳಿಯಾಡುವಂತೆ ಇಟ್ಟ ಮರ ಆ ಮೇರೆಯಿಂದ ಬಹು ಕೆಳಗೇ ನಿಲ್ಲುತ್ತದೆ. ಎಂದಮೇಲೆ, ಈ ಊರಿನ ಮನೆಯೊಳಗೆ ಒಂದು ತೊಲೆ ಕೊಳೆತಿದೆಯೆಂದರೆ ಎಲ್ಲಿಂದಲೋ ಯಾರದೋ ಅಲಕ್ಷ್ಯದಿಂದ ನೀರು ಬಂದಿದೆಯೆಂದೇ ಅರ್ಥ.

ಈ ತತ್ತ್ವಕ್ಕೆ ಸಾಕ್ಷಿ ಬೇಕಾದವರು ಶ್ರೀರಂಗಪಟ್ಟಣದವರೆಗೆ ಹೋಗಿ ದರಿಯಾ ದೌಲತನ್ನು ಎಂಜಿನಿಯರನ ಕಣ್ಣಿನಿಂದ ಒಮ್ಮೆ ನೋಡಿ ಬರಲಿ. 1784ರಲ್ಲಿ ಟಿಪ್ಪು ಕಟ್ಟಿಸಿದ, ಬಹುಮಟ್ಟಿಗೆ ತೇಗದ ಮರದಿಂದಲೇ ಆದ ಆ ಬೇಸಗೆ ಅರಮನೆ ನಿಂತಿರುವುದು ಒಣ ಬಯಲಿನಲ್ಲಲ್ಲ. ಕಾವೇರಿಯ ನಡುಗಡ್ಡೆಯಲ್ಲಿ, ತೋಟದ ಹಸಿರಿನ ನಡುವೆ. ಮಧ್ಯೆ ಮಧ್ಯೆ ದುರಸ್ತಿಯನ್ನು ಕಂಡಿದೆಯೆಂಬುದು ನಿಜವಾದರೂ, ಎರಡು ಶತಮಾನಗಳನ್ನು ದಾಟಿ ಅದು ನಿಂತಿರುವುದರ ಗುಟ್ಟನ್ನು ತೇಗದ ಮಹಿಮೆಯೊಂದರಲ್ಲೇ ಹುಡುಕುವುದು ಸರಿಯಲ್ಲ. ನೆಲದಿಂದ ಎತ್ತರಿಸಿದ ಜಗತಿ, ನಾಲ್ಕೂ ಸುತ್ತಿನ ಅಗಲವಾದ ಪಡಸಾಲೆ, ಗೋಡೆಗೂ ಕಂಬಕ್ಕೂ ಮಳೆಯ ಎರಚಲು ತಗುಲದಂತೆ ಮುಂಚಾಚಿದ ಸೂರು, ಕಂಬಗಳ ನಡುವೆ ತಡೆಯಿಲ್ಲದೆ ಹರಿಯುವ ಗಾಳಿ: ಇವಿಷ್ಟೂ ಕೂಡಿ ಮರಕ್ಕೆ ಒಣಗಿರುವ ಅವಕಾಶವನ್ನು ಕೊಟ್ಟಿವೆ. ರಾಸಾಯನಿಕ ಸಂರಕ್ಷಣೆಯ ಹೆಸರನ್ನೇ ಕೇಳದ ಕಾಲದ ಆಚಾರ್ರು, ಮರವನ್ನು ಎಲ್ಲಿಡಬೇಕು, ಎಲ್ಲಿಡಕೂಡದು ಎಂಬ ವಿವೇಕದಿಂದಲೇ ಅದನ್ನು ಸಂರಕ್ಷಿಸಿದರು. ಇಂದಿನ ಸಂಶೋಧನೆ ವಿನ್ಯಾಸದ ಮೂಲಕ ರಕ್ಷಣೆಯೆಂದು ಅತ್ಯಂತ ಗೌರವದಿಂದ ಹೇಳುತ್ತಿರುವುದು ಇದನ್ನೇ.

ಇದಕ್ಕೆ ಎದುರುಸಾಕ್ಷಿಯೂ ನಮ್ಮ ಊರಿನಲ್ಲಿಯೇ ಉಂಟು. 1803ರಲ್ಲಿ ಪುನರ್ನಿರ್ಮಿತವಾದ ಮೈಸೂರಿನ ಹಳೆಯ ಮರದ ಅರಮನೆ 1897ರ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಬೆಂಕಿಗೆ ಆಹುತಿಯಾಯಿತು. ವಾಣಿವಿಲಾಸ ಸನ್ನಿಧಾನದವರ ಆಳ್ವಿಕೆಯಲ್ಲಿ ಹೆನ್ರಿ ಇರ್ವಿನ್ನನಿಗೆ ಹೊಸ ಅರಮನೆಯ ಹೊಣೆ ಒಪ್ಪಿತವಾಗಿ, ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳನ್ನು ಆಶ್ರಯಿಸಿದ ಆ ಕಟ್ಟಡ 1912ರ ಹೊತ್ತಿಗೆ ಪೂರ್ಣಗೊಂಡಿತು. ಮರವೆಂದರೆ ಬೆಂಕಿಯ ಮೇವು ಎಂಬ ಪಾಠವನ್ನು ಅಂದಿನಿಂದ ನಮ್ಮ ನಗರ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಪಾಠದ ಉಳಿದರ್ಧವನ್ನು ಪ್ರಯೋಗಶಾಲೆಗಳು ಆಮೇಲೆ ಬರೆದವು. ತೆಳುವಾದ ಹಲಗೆ, ಜಾಲರಿ, ರೀಪುಗಳು ಕ್ಷಣದಲ್ಲಿ ಹೊತ್ತಿಕೊಳ್ಳುವುದು ನಿಜ. ದಪ್ಪ ತೊಲೆಯ ವರ್ತನೆಯೇ ಬೇರೆ. ಅದರ ಮೇಲ್ಮೈ ಇದ್ದಿಲಾಗುತ್ತ ಹೋಗುವ ವೇಗ ನಿಮಿಷಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರ್. ಹಾಗೆ ಉಂಟಾದ ಇದ್ದಿಲಿನ ಪದರವೇ ಒಳಗಿನ ತಿರುಳಿಗೆ ಶಾಖ ತಲಪದಂತೆ ತಡೆಯುತ್ತದೆ. ಅರ್ಧ ಗಂಟೆ ಉರಿದ ತೊಲೆಯಲ್ಲಿ ಎಷ್ಟು ಮರ ಉಳಿದಿರುತ್ತದೆ, ಅದು ಎಷ್ಟು ಭಾರ ಹೊರುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಡಬಹುದು. ರಕ್ಷಣೆಯ ಹೊದಿಕೆಯಿಲ್ಲದ ಉಕ್ಕಾದರೋ 550 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತನ್ನ ಬಲದ ಅರ್ಧವನ್ನು ಕಳೆದುಕೊಂಡು ಬಾಗಿಬಿಡುತ್ತದೆ. ಬೆಂಕಿಯ ವಿಷಯದಲ್ಲಿಯೂ ಮರವೆಂಬ ಹೆಸರನ್ನು ನೋಡದೆ, ಎಷ್ಟು ದಪ್ಪದ ಮರ, ಎಲ್ಲಿಯ ಮರ ಎಂದು ಕೇಳುವುದು ಎಂಜಿನಿಯರನ ಧರ್ಮ.

ಈ ಬಗೆಯ ಪ್ರಶ್ನೆಗಳನ್ನು ಶಿಸ್ತಿನಿಂದ ಕೇಳುವ ಕೆಲಸಕ್ಕೆ ಮೈಸೂರು ಸಂಸ್ಥಾನವೇ ತಳಪಾಯ ಹಾಕಿತೆಂಬುದು ನಮಗೆ ಅಭಿಮಾನದ ವಿಷಯ. 1938ರಲ್ಲಿ ಸಂಸ್ಥಾನದ ಅರಣ್ಯ ಸಂಶೋಧನಾ ಪ್ರಯೋಗಶಾಲೆ ಬೆಂಗಳೂರಿನಲ್ಲಿ ಆರಂಭವಾಯಿತು. ಅದೇ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಮಲ್ಲೇಶ್ವರದಲ್ಲಿ ಇಂದಿಗೂ ನಡೆದು ಬರುತ್ತಿದೆ. ಪ್ಲೈವುಡ್ ಉದ್ಯಮಕ್ಕೆಂದು 1962ರಲ್ಲಿ ಹುಟ್ಟಿದ ಇನ್ನೊಂದು ಸಂಶೋಧನಾ ಸಂಸ್ಥೆ ತುಮಕೂರು ರಸ್ತೆಯಲ್ಲಿ ನೆಲಸಿ, ಪ್ಲೈವುಡ್ಡಿನ ಅಂಟುಗಳನ್ನು ಮಾತ್ರವಲ್ಲದೆ ಬಿದಿರಿನ ಚಾಪೆಗಳನ್ನು ರಾಳದಿಂದ ಒತ್ತಿ ಮಾಡಿದ ಹಲಗೆಯನ್ನೂ, ಕಲ್ನಾರು ಷೀಟಿಗೆ ಬದಲಾಗಿ ಸೂರಿಗೆ ಹೊದಿಸಬಹುದಾದ ಬಿದಿರಿನ ಅಲೆತಗಡನ್ನೂ ರೂಪಿಸಿತು. ನಮ್ಮ ಊರಿನಿಂದ ರೈಲಿನಲ್ಲಿ ಮೂರು ಗಂಟೆಯೊಳಗೆ ಮುಟ್ಟಬಹುದಾದ ದೂರದಲ್ಲಿ ಇಷ್ಟೆಲ್ಲ ವಿದ್ಯೆಯಿದ್ದರೂ, ನಮ್ಮ ಟಿಂಬರ್ ಡಿಪೊಗಳಲ್ಲಿ ಮರದ ಬಾಳಿಕೆಯನ್ನು ಇಂದಿಗೂ ಬಣ್ಣದಿಂದ, ತೂಕದಿಂದ, ಮಾರುವವನ ಮಾತಿನಿಂದ ನಿರ್ಣಯಿಸುತ್ತಿದ್ದೇವೆ.

ಬಾಳಿಕೆಯನ್ನು ಅಳೆಯುವ ಮೂಲ ವಿಧಾನವಾದರೋ ಅತ್ಯಂತ ಸರಳವಾದುದು. ಒಂದೇ ಅಳತೆಯ ಗೂಟಗಳನ್ನು ಕೊಯ್ದು, ಗೆದ್ದಲಿರುವ ಬಯಲಿನಲ್ಲಿ ಸಾಲಾಗಿ ಅರ್ಧದವರೆಗೆ ಹೂಳಿ, ಕಾಲಕಾಲಕ್ಕೆ ಕಿತ್ತು ನೋಡಿ, ಎಷ್ಟು ತಿಂದಿದೆ, ಎಷ್ಟು ಕೊಳೆತಿದೆ ಎಂದು ಬರೆದಿಟ್ಟು, ಮತ್ತೆ ಅಲ್ಲಿಯೇ ನೆಡುವುದು. ವರ್ಷಗಟ್ಟಲೆ ಇದನ್ನೇ ಮಾಡುವುದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ಈ ಪದ್ಧತಿಯ ಆಧಾರದ ಮೇಲೆಯೇ ನಮ್ಮ ಭಾರತೀಯ ಮಾನಕಗಳು ಮರಗಳನ್ನು ಮೂರು ವರ್ಗವಾಗಿ ವಿಂಗಡಿಸಿವೆ: ಸರಾಸರಿ 120 ತಿಂಗಳು ಅಥವಾ ಅದಕ್ಕೂ ಮೀರಿ ನಿಂತದ್ದು ಮೊದಲನೆಯದು, 60ರಿಂದ 120 ತಿಂಗಳು ನಿಂತದ್ದು ಎರಡನೆಯದು, 60ಕ್ಕಿಂತ ಕಡಮೆಯದು ಮೂರನೆಯದು. ತೇಗ, ಬೀಟೆ, ಹೊನ್ನೆಗಳು ಮೊದಲ ವರ್ಗದಲ್ಲಿಯೂ ಮಾವು, ಬೂರುಗಗಳು ಕೊನೆಯ ವರ್ಗದಲ್ಲಿಯೂ ಬರುತ್ತವೆ. ಆದರೆ ಈ ಪಟ್ಟಿಯನ್ನು ಉರು ಹೊಡೆದವರು ಅದರ ಅಡಿಯಲ್ಲಿರುವ ಎರಡು ನಿಬಂಧನೆಗಳನ್ನು ಮರೆಯುತ್ತಾರೆ. ಒಂದು, ಈ ಆಯುಸ್ಸು ಚೇಗಿಗೆ ಮಾತ್ರ ಸಂಬಂಧಿಸಿದ್ದು; ಹೊರಗಿನ ಬಿಳಿಮರ ತೇಗದ್ದಾದರೂ ಮಾವಿನದಾದರೂ ಗೆದ್ದಲಿಗೆ ಸಮಾನವಾದ ಊಟ. ಬೇಗ ಬೆಳೆಸಿ ಎಳೆಯದರಲ್ಲೇ ಕಡಿದ ತೇಗದಲ್ಲಿ ಬಿಳಿಮರದ ಪಾಲೇ ಹೆಚ್ಚಾಗಿರುವುದರಿಂದ, ತೇಗವೆಂದು ಹಣ ತೆತ್ತು ಬಿಳಿಮರವನ್ನು ಕೊಳ್ಳುವ ಪ್ರಸಂಗ ಇಂದು ಅಪರೂಪವಲ್ಲ. ಎರಡನೆಯದು, ಈ ಆಯುಸ್ಸು ನೆಲದಲ್ಲಿ ಹೂತ ಮರದ್ದು. ಅಂದರೆ ಮರಕ್ಕೆ ಬರಬಹುದಾದ ಅತ್ಯಂತ ಕಠಿನವಾದ ಪರಿಸ್ಥಿತಿಯದು. ಐದು ವರ್ಷಕ್ಕೆ ಮಣ್ಣಾಗುವ ಮರವೇ ಒಣ ಸೂರಿನಡಿ ತಲೆಮಾರುಗಳ ಕಾಲ ಬಾಳಬಹುದು.

ಮರದ ಕುಲವೇ ಅದರ ಹಣೆಬರಹವೆಂಬ ಭಾವನೆಯನ್ನು ಬುಡಮೇಲು ಮಾಡಿದವರಲ್ಲಿ ನಮ್ಮ ದೇಶದ ಸೊಂಟಿ ಕಾಮೇಶಂ ಅವರ ಹೆಸರು ಮೊದಲ ಸಾಲಿನಲ್ಲಿ ನಿಲ್ಲಬೇಕಾದದ್ದು. ಡೆಹ್ರಾಡೂನಿನಲ್ಲಿ 1933ರಲ್ಲಿ ಅವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಲವಣಗಳನ್ನು ಕೂಡಿಸಿ ಮಾಡಿದ ದ್ರಾವಣವನ್ನು ಮರಕ್ಕೆ ಒತ್ತಡದಿಂದ ಹಾಯಿಸಿದಾಗ, ತಾಮ್ರ ಶಿಲೀಂಧ್ರವನ್ನೂ ಆರ್ಸೆನಿಕ್ ಕೀಟವನ್ನೂ ತಡೆದವು. ಕ್ರೋಮಿಯಂ ಅವೆರಡನ್ನೂ ಮಳೆಗೆ ತೊಳೆದುಹೋಗದಂತೆ ನಾರಿನಲ್ಲಿ ಕಟ್ಟಿಹಾಕಿತು. ಆಸ್ಕು ಎಂಬ ಹೆಸರಿನಿಂದ ಹೊರಟ ಆ ವಿಧಾನ ಜಗತ್ತಿನಾದ್ಯಂತ ಕೋಟ್ಯಂತರ ಕಂಬಗಳನ್ನೂ ಬೇಲಿಗಳನ್ನೂ ಕಾಪಾಡಿತು. ಇಲ್ಲೊಂದು ಸ್ವಾರಸ್ಯವುಂಟು: ತೇಗದ ಚೇಗು ದ್ರಾವಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮೃದುವಾದ ರಬ್ಬರ್ ಮರವೂ ಮಾವೂ ಅದನ್ನು ಧಾರಾಳವಾಗಿ ಹೀರುತ್ತವೆ, ಆದ್ದರಿಂದ ಹುಟ್ಟಿನಿಂದ ದುರ್ಬಲವೆನಿಸಿದ ಮರವೇ ಸಂಸ್ಕಾರದಿಂದ ಉಚ್ಚ ವರ್ಗಕ್ಕೆ ಏರಬಲ್ಲದು. ಅದೇ ಆಸ್ಕುವಿನ ಆರ್ಸೆನಿಕ್ ಮಣ್ಣಿಗೂ ಮಕ್ಕಳಿಗೂ ಅಪಾಯಕಾರಿಯೆಂಬ ಶಂಕೆ ಬಲವಾದ ಮೇಲೆ, 2003ರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ವಾಸಗೃಹಗಳ ಬಳಕೆಯಿಂದ ಅದನ್ನು ಹಿಂದೆಗೆದುಕೊಂಡರು. ಮನೆಯೊಳಗಿನ ಮರಕ್ಕೂ ಬಿದಿರಿಗೂ ಬೋರಿಕ್ ಆಮ್ಲ ಮತ್ತು ಬೋರಾಕ್ಸ್‌ಗಳ ದ್ರಾವಣವೇ ಈಗ ಹೆಚ್ಚು ಸೌಮ್ಯವಾದ ಮಾರ್ಗ. ಮಳೆ ತಗುಲುವೆಡೆ ಮಾತ್ರ ಅದು ತೊಳೆದುಹೋಗುವುದರಿಂದ ನಿಲ್ಲುವುದಿಲ್ಲ. ಬಿದಿರನ್ನೂ ಮರವನ್ನೂ ಕೆರೆಯ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಿದ್ದ ನಮ್ಮ ಹಳ್ಳಿಗರ ವಾಡಿಕೆಯನ್ನು ಕೂಡ ಸಂಶೋಧನೆ ಎತ್ತಿಹಿಡಿದಿದೆ; ಕೊರೆಹುಳುಗಳಿಗೆ ಪ್ರಿಯವಾದ ಸಕ್ಕರೆಯೂ ಪಿಷ್ಟವೂ ಆ ನೆನೆಯುವಿಕೆಯಲ್ಲಿ ಕಡಮೆಯಾಗುತ್ತವೆ.

ಈಗ ನಮ್ಮ ಊರಿನ ಗಾಯದ ಮಾತಿಗೆ ಬರುತ್ತೇನೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರ ಪ್ರಾಣ ಹೋಯಿತು. ನಾಲ್ಕು ವರ್ಷಗಳ ಬಳಿಕ, ಅದೂ ಆಗಸ್ಟಿನಲ್ಲಿಯೇ, ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಕೆಡವಬೇಕೆ, ಉಳಿಸಬೇಕೆ ಎಂಬ ವಿವಾದ ಸಮಿತಿಯಿಂದ ಸಮಿತಿಗೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಯಿತು. ನಾನು ಆ ವ್ಯಾಜ್ಯದ ತೀರ್ಪುಗಾರನಲ್ಲ. ಜನರ ಜೀವದ ಮುಂದೆ ಪಾರಂಪರಿಕತೆಯ ಮಾತು ಎರಡನೆಯದೆಂಬುದನ್ನೂ ನಾನು ಒಪ್ಪುತ್ತೇನೆ. ನಾನು ಕೇಳುವುದು ಇಷ್ಟೆ: ಇಂಥ ಕಟ್ಟಡಗಳು ಬೀಳುವುದಕ್ಕೆ ಹತ್ತು ವರ್ಷ ಮೊದಲು ಯಾರಾದರೂ ಅವುಗಳ ತೊಲೆಗಳ ತುದಿಯನ್ನು ಮುಟ್ಟಿ ನೋಡಿದ್ದರೆ ಎಂದು.

ತೊಲೆಯ ತುದಿಯೆಂದು ಬೇಕೆಂದೇ ಹೇಳಿದೆ. ಮದ್ರಾಸ್ ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಜಂತೆಗಳನ್ನಿಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಡ್ಡಮಗ್ಗುಲಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂಡಿಸಿ, ಮೇಲೆ ಗಾರೆಯ ಹೊದಿಕೆ ಹಾಕಿರುತ್ತಾರೆ. ತೊಲೆಯ ನಡುಭಾಗ ಕೋಣೆಯ ಒಣಗಾಳಿಯಲ್ಲಿ ತೂಗುತ್ತ ನೂರು ವರ್ಷಕ್ಕೂ ಗಟ್ಟಿಯಾಗಿರುತ್ತದೆ. ಎರಡು ತುದಿಗಳು ಮಾತ್ರ ಗೋಡೆಯೊಳಗೆ ಹುದುಗಿ, ಕಣ್ಣಿಗೆ ಕಾಣದೆ, ಕೈಪಿಡಿ ಗೋಡೆಯ ಬುಡದ ಬಿರುಕಿನಿಂದಲೋ ಒಡೆದ ದೋಣಿಯಿಂದಲೋ ಅರಳಿಯ ಸಸಿ ಬೇರೂರಿದ ಸಂದಿನಿಂದಲೋ ಇಳಿದ ನೀರನ್ನು ಕುಡಿಯುತ್ತಿರುತ್ತವೆ. ಗೋಡೆ ಸುಣ್ಣದ ಗಾರೆಯದೇ ಆಗಿದ್ದರೆ ಆ ನೀರು ಹೇಗೋ ಆರಿಹೋಗುತ್ತಿತ್ತು. ಅಂದಗೊಳಿಸುವ ಉತ್ಸಾಹದಲ್ಲಿ ಸಿಮೆಂಟಿನ ಗಿಲಾವು ಬಳಿದ ಮೇಲೆ ತೇವಕ್ಕೆ ಹೊರಬರುವ ದಾರಿಯೂ ಮುಚ್ಚಿಹೋಗುತ್ತದೆ. ಇಂಥ ತೊಲೆಯನ್ನು ಪರೀಕ್ಷಿಸುವ ಕ್ರಮವನ್ನು ನೀವು ಕೈಯಾರೆ ಕಲಿಯಬೇಕು. ಗೋಡೆಯಿಂದ ಒಂದು ಗೇಣಿನೊಳಗೆ ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಗಟ್ಟಿ ಮರ ಟಣ್ಣೆಂದು ಮರುದನಿ ಕೊಡುತ್ತದೆ; ಕೊಳೆತದ್ದು ಡೊಬ್ಬೆನ್ನುತ್ತದೆ. ಮೊನಚಾದ ಕಬ್ಬಿಣವನ್ನು ನಾರಿಗೆ ಅಡ್ಡವಾಗಿ ಚುಚ್ಚಿ ಎಬ್ಬಿದರೆ ಒಳ್ಳೆಯ ಮರ ಉದ್ದನೆಯ ಸಿಬರಾಗಿ ಏಳುತ್ತದೆ. ಶಿಲೀಂಧ್ರ ತಿಂದದ್ದು ಸದ್ದಿಲ್ಲದೆ ತುಂಡು ತುಂಡಾಗಿ ಮುರಿಯುತ್ತದೆ. ಕಂದು ಕಲೆ, ಚೌಕಚೌಕವಾದ ಬಿರುಕು, ಗೆದ್ದಲಿನ ಮಣ್ಣಿನ ಕೊಳವೆ, ಕೆಳಗೆ ಉದುರಿದ ಹಿಟ್ಟಿನಂಥ ಪುಡಿ, ಇವುಗಳನ್ನು ಗಮನಿಸಿ, ತೇವಮಾಪಕದ ಎರಡು ಸೂಜಿಗಳನ್ನು ಮೊದಲು ನಡುವೆಯೂ ಅನಂತರ ತುದಿಯಲ್ಲಿಯೂ ಊರಿ ಅಂಕಿಗಳನ್ನು ಬರೆದುಕೊಳ್ಳಬೇಕು. ನಡುವೆ 12ರ ಆಸುಪಾಸಿದ್ದು ತುದಿಯಲ್ಲಿ 25 ತೋರಿದರೆ ರೋಗವೂ ತಿಳಿಯಿತು, ಅದರ ಮೂಲವೂ ತಿಳಿಯಿತು. ಸಂದೇಹ ಉಳಿದರೆ, ಕೂದಲೆಳೆಯಂಥ ಬೈರಿಗೆಯನ್ನು ಓಡಿಸಿ ಮರದ ಒಳಪ್ರತಿರೋಧವನ್ನು ದಾಖಲಿಸುವ ಉಪಕರಣಗಳೂ ಶಬ್ದಾತೀತ ತರಂಗಗಳ ಪರೀಕ್ಷೆಯೂ ಇವೆ. ಅನೇಕ ವೇಳೆ ಕೊಳೆತಿರುವುದು ಒಂದಡಿ ತುದಿ ಮಾತ್ರ. ಅದನ್ನು ಕೊಯ್ದು ಉಕ್ಕಿನ ಪಟ್ಟಿಗಳಿಂದ ಹೊಸ ತುಂಡನ್ನು ಬೆಸೆದು, ಗೋಡೆಯ ಗೂಡಿನಲ್ಲಿ ಗಾಳಿಗೆ ಎಡೆ ಬಿಟ್ಟು, ಮೇಲಿನ ನೀರನ್ನು ನಿಲ್ಲಿಸಿದರೆ ಆ ತೊಲೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಇಷ್ಟನ್ನು ಮಾಡಿದ ಮೇಲೂ ಕೆಡವಲೇಬೇಕೆಂದು ತೋರಿದರೆ ಕೆಡವಿರಿ. ಆಗ ಅದು ಎಂಜಿನಿಯರನ ನಿರ್ಣಯವಾಗುತ್ತದೆ.

ಹಳೆಯ ಮನೆಯ ಮಾತಾಯಿತು; ಹೊಸ ಮನೆಯ ಪ್ಲೈವುಡ್ಡಿನ ವಿಷಯದಲ್ಲಿ ನಮ್ಮ ಅಜ್ಞಾನ ಇನ್ನೂ ದುಬಾರಿಯಾದದ್ದು. ಮರ ತೇವಕ್ಕೆ ಉಬ್ಬುವುದೂ ಒಣಗಿ ಕುಗ್ಗುವುದೂ ನಾರಿನ ಉದ್ದಕ್ಕೆ ನಗಣ್ಯ, ಅಡ್ಡಕ್ಕೆ ಗಣನೀಯ. ಅದರಲ್ಲಿಯೂ ವರ್ಷವಲಯಗಳ ಗುಂಟ ಆಗುವುದು ಅವುಗಳಿಗೆ ಅಡ್ಡವಾಗಿ ಆಗುವುದರ ಸುಮಾರು ಎರಡರಷ್ಟು. ತೆಳುಪದರಗಳನ್ನು ಒಂದರ ಮೇಲೊಂದು ನಾರು ಅಡ್ಡವಾಗುವಂತೆ ಅಂಟಿಸಿದಾಗ ಒಂದರ ಚಲನೆಯನ್ನು ಇನ್ನೊಂದು ತಡೆದು ಹಲಗೆ ಸೊಟ್ಟಗಾಗದೆ ನಿಲ್ಲುತ್ತದೆ. ಇದೇ ಪ್ಲೈವುಡ್ಡಿನ ತತ್ತ್ವ. ಅಂಟು ಸೋತರೆ ತತ್ತ್ವವೂ ಸೋತಿತು. ಆದ್ದರಿಂದಲೇ ನಮ್ಮ ಮಾನಕಗಳು ಅಂಟನ್ನು ನೀರಿನಲ್ಲಿ ಪರೀಕ್ಷಿಸುತ್ತವೆ. ಸಾಧಾರಣ ಬಳಕೆಯ ಐಎಸ್ 303ರಲ್ಲಿ ಎಂಆರ್, ಬಿಡಬ್ಲ್ಯುಆರ್ ಎಂಬ ಎರಡು ದರ್ಜೆಗಳಿವೆ. ಎಂಆರ್ ದರ್ಜೆಯ ಹಲಗೆ 60 ಡಿಗ್ರಿಯ ಬಿಸಿನೀರನ್ನು ತಡೆದರೆ ಸಾಕು, ಬಿಡಬ್ಲ್ಯುಆರ್ ಕುದಿಯುವ ನೀರನ್ನು ತಡೆಯಬೇಕು. ಐಎಸ್ 710ರ ಮರೀನ್ ಪ್ಲೈವುಡ್ಡಿನ ತುಣುಕು 72 ಗಂಟೆಗಳ ಕಾಲ ಕುದಿಯುವ ನೀರಿನಲ್ಲಿದ್ದು, ಆಮೇಲೂ ಪದರ ಬಿಚ್ಚದೆ ಎಳೆತಕ್ಕೆ ನಿಲ್ಲಬೇಕು. ಹೀಗಿರುವಾಗ ಎಂಆರ್ ಹಲಗೆಯನ್ನು ಅಡುಗೆಮನೆಯ ಸಿಂಕಿನ ಕೆಳಗೆ ಹಾಕಿ, ಎರಡು ವರ್ಷಕ್ಕೆ ಅದು ಉಬ್ಬಿದಾಗ ಮರವನ್ನು ಬೈಯುವುದು ಯಾವ ನ್ಯಾಯ? ಅಂಚಿನ ಅಂಟುಗೆರೆ ಕಪ್ಪಾಗಿದ್ದರೆ ಫೀನಾಲಿನ ಒಳ್ಳೆಯ ಅಂಟೆಂದು ನಂಬುವುದೂ ಸಲ್ಲದು. ಅಗ್ಗದ ಅಂಟಿಗೆ ಬಣ್ಣ ಬೆರೆಸುವ ಜಾಣರೂ ಪೇಟೆಯಲ್ಲಿದ್ದಾರೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದನ್ನು ವಿದ್ಯಾವಂತರೇ ಮಾಡುತ್ತಾರೆ. 72 ಗಂಟೆಗಳ ಕುದಿತ ಪರೀಕ್ಷಿಸುವುದು ಅಂಟನ್ನು; ಅದರಿಂದ ಗೆದ್ದಲಿನ ವಿಚಾರ ತಿಳಿಯುವುದಿಲ್ಲ. ಗೆದ್ದಲಿನ ಪರೀಕ್ಷೆ ಬಿಸಿಲಿನ ವಿಚಾರವನ್ನು ಹೇಳುವುದಿಲ್ಲ; ಬಿಸಿಲಿನ ಪರೀಕ್ಷೆ, ಪುಸ್ತಕದ ಭಾರಕ್ಕೆ ವರ್ಷಗಳ ಮೇಲೆ ಅಟ್ಟಣಿಗೆ ಎಷ್ಟು ಬಾಗೀತೆಂಬುದನ್ನು ಹೇಳುವುದಿಲ್ಲ. ಪಾರ್ಟಿಕಲ್ ಬೋರ್ಡೂ ಎಂಡಿಎಫ್ಫೂ ಒಣ ಕೋಣೆಯಲ್ಲಿ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತವೆ. ಯೂರಿಯಾ ಅಂಟಿನಿಂದ ಒತ್ತಿದ ಅವು ಒಮ್ಮೆ ನೀರಿನಲ್ಲಿ ನೆನೆದು ಉಬ್ಬಿದರೆ ಮತ್ತೆ ಮೊದಲ ದಪ್ಪಕ್ಕೆ ಬರುವುದಿಲ್ಲ. ಅಲ್ಲದೆ ಅವು ಕೋಣೆಗೆ ಬಿಡುವ ಫಾರ್ಮಾಲ್ಡಿಹೈಡ್ ಆರೋಗ್ಯದ ಪ್ರಶ್ನೆಯಾಗಿ ಪ್ರತ್ಯೇಕವಾಗಿ ಅಳೆಯಬೇಕಾದದ್ದು. ಬಾಳಿಕೆಯೆಂಬುದು ಹಲಗೆಯ ಮೇಲೆ ಒತ್ತಿದ ಒಂದು ಮುದ್ರೆಯಲ್ಲಿ ಅಡಗಿರುವ ಗುಣವಲ್ಲವೆಂಬುದನ್ನು ನೆನಪಿಡಿ. ಯಾವ ವಸ್ತು, ಯಾವ ಸ್ಥಳದಲ್ಲಿ, ಯಾವ ಶತ್ರುವಿನ ಎದುರು, ಎಷ್ಟು ಕಾಲ ಎಂಬ ನಾಲ್ಕು ಪ್ರಶ್ನೆಗಳಿಗೂ ಉತ್ತರ ದೊರೆತಾಗ ಮಾತ್ರ ಆ ಶಬ್ದಕ್ಕೆ ಅರ್ಥ ಬರುತ್ತದೆ.

ಇಷ್ಟೆಲ್ಲವನ್ನು ಇಂದೇ ಹೇಳಬೇಕಾದದ್ದೇಕೆಂದು ನೀವು ಕೇಳಬಹುದು. 1988ರ ರಾಷ್ಟ್ರೀಯ ಅರಣ್ಯ ನೀತಿಯ ತರುವಾಯ, 1993ರಿಂದ, ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತ್ತು. ಕಾಡನ್ನು ಕಾಯುವ ಸದುದ್ದೇಶದ ಆ ನಿಷೇಧದ ಕಾಲದಲ್ಲಿ, ಮರದಲ್ಲಿ ಕಟ್ಟುವ ವಿದ್ಯೆ ಒಂದು ತಲೆಮಾರಿನ ಎಂಜಿನಿಯರರ ಕೈತಪ್ಪಿಹೋಯಿತು. ಪಠ್ಯಪುಸ್ತಕದಲ್ಲಿ ಗಂಟು, ಬಿರುಕು, ಹದಗೊಳಿಸುವಿಕೆ ಎಂಬ ಒಂದು ಅಧ್ಯಾಯವಾಗಿ ಉಳಿಯಿತು. 2020ರಲ್ಲಿ ಆ ನಿಷೇಧ ತೆರವಾಗಿದೆ. ಅಷ್ಟರಲ್ಲಿ ಹೊರಗಿನ ಲೋಕ ಮುಂದೆ ಹೋಗಿದೆ: ದಪ್ಪ ಹಲಗೆಗಳನ್ನು ಅಡ್ಡಪದರಗಳಲ್ಲಿ ಅಂಟಿಸಿದ ಸಿಎಲ್‌ಟಿ ಎಂಬ ಗೋಡೆಚಪ್ಪಡಿ 1990ರ ದಶಕದಲ್ಲಿ ಆಸ್ಟ್ರಿಯಾ, ಜರ್ಮನಿಗಳಲ್ಲಿ ರೂಪುಗೊಂಡಿತು; 2019ರಲ್ಲಿ ನಾರ್ವೆಯಲ್ಲಿ 85 ಮೀಟರಿಗೂ ಎತ್ತರವಾದ 18 ಅಂತಸ್ತಿನ ಮ್ಯೋಸ್ಟೋರ್ನೆಟ್ ಎಂಬ ಮರದ ಕಟ್ಟಡ ಎದ್ದಿತು; 2022ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ 25 ಅಂತಸ್ತಿನ ಇನ್ನೊಂದು, ತಳದ ಅಂತಸ್ತುಗಳು ಕಾಂಕ್ರೀಟಿನದಾಗಿ, ಅದನ್ನೂ ಮೀರಿಸಿತು. ಸಿಮೆಂಟೂ ಉಕ್ಕೂ ತಯಾರಾಗುವಾಗ ಇಂಗಾಲವನ್ನು ಗಾಳಿಗೆ ಉಗುಳುತ್ತವೆ. ಒಣಮರದ ತೂಕದಲ್ಲಿ ಅರ್ಧದಷ್ಟು ಗಾಳಿಯಿಂದ ಪಡೆದ ಇಂಗಾಲವೇ ಆಗಿದ್ದು, ಮರ ಬಾಳಿದಷ್ಟು ಕಾಲವೂ ಅದು ಅಲ್ಲಿಯೇ ಸೆರೆಯಾಗಿರುತ್ತದೆ. ಬಾಳಿದಷ್ಟು ಕಾಲ ಎಂಬ ಮಾತಿಗೆ ಒತ್ತು ಕೊಟ್ಟು ಓದಿರಿ. ಐದೇ ವರ್ಷಕ್ಕೆ ತಿಪ್ಪೆ ಸೇರುವ ಬೀರುವಿನಿಂದ ಯಾವ ಪುಣ್ಯವೂ ಇಲ್ಲ.

ಆದರೆ ಆ ಉತ್ತರದ ದೇಶಗಳ ಅಂಕಿಗಳನ್ನು ಹಾಗೆಯೇ ಎತ್ತಿಕೊಂಡು ಇಲ್ಲಿ ಬಳಸಲಾಗದು. ನಾರ್ವೆಯಲ್ಲಿ ಗೆದ್ದಲಿಲ್ಲ, ಅಲ್ಲಿಯ ಮರವೂ ಬೇರೆ, ಹವೆಯೂ ಬೇರೆ. ನಮ್ಮಲ್ಲಿ ದೊರೆಯುವುದು ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆದು ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಿಗೆ ಸಾಗುವ ಸಿಲ್ವರ್ ಓಕ್, ಹೊಲದ ಅಂಚಿನ ನೀಲಗಿರಿ, ಅಕೇಷಿಯಾ, ರಬ್ಬರ್, ಬಿದಿರು. ಮೈಸೂರಿನ ಕೆಮ್ಮಣ್ಣಿನಲ್ಲಿ, ಮೈಸೂರಿನ ಗೆದ್ದಲಿನ ನಡುವೆ, ಸಂಸ್ಕರಿಸಿದ ಸಿಲ್ವರ್ ಓಕ್ ಎಷ್ಟು ಕಾಲ ನಿಂತೀತೆಂಬುದನ್ನು ನಾರ್ವೆಯವರು ನಮಗೆ ಹೇಳಲಾರರು. ಬೆಂಗಳೂರಿನವರು ಹೇಳಬಲ್ಲದ್ದೂ ಬಹುಮಟ್ಟಿಗೆ ಇಂಗ್ಲಿಷಿನ ವರದಿಗಳಲ್ಲಿ ಮುಚ್ಚಿಕೊಂಡಿದೆ. ಮಂಡಿ ಮೊಹಲ್ಲಾದ ಕೆತ್ತನೆಯ ಕುಶಲಿಗಳನ್ನು ಕೇಳಿ ನೋಡಿ: ಬೀಟೆಯ ಹಲಗೆ ಹದವಾಗಿ ಒಣಗದಿದ್ದರೆ ಅದರಲ್ಲಿ ಕೂಡಿಸಿದ ಬಣ್ಣದ ಮರದ ಚೂರುಗಳು ಮುಂದೊಂದು ಬೇಸಗೆಯಲ್ಲಿ ಎದ್ದುಬರುತ್ತವೆಂಬುದು ಅವರಿಗೆ ಬೆರಳ ತುದಿಯ ವಿದ್ಯೆ. ಪ್ರಯೋಗಶಾಲೆಯ ಅಂಕಿ ಅವರ ಕೈಗೆ ಕನ್ನಡದಲ್ಲಿ ಮುಟ್ಟಬೇಕು. ಅವರ ಕೈಯ ಅನುಭವ ಪ್ರಯೋಗಶಾಲೆಯ ದಾಖಲೆಗೆ ಸೇರಬೇಕು. ಆ ಎರಡು ಕಡೆಗಳ ನಡುವೆ ನಿಂತಿರುವವರು ನೀವು.

ಆದ್ದರಿಂದ ಮೂರು ಕೆಲಸಗಳನ್ನು ನಿಮ್ಮಲ್ಲಿ ಕೇಳುತ್ತೇನೆ. ಮೊದಲನೆಯದು, ಯಾವ ಹಳೆಯ ಕಟ್ಟಡದ ಮರವನ್ನೇ ಆಗಲಿ ತೊಲೆತೊಲೆಯಾಗಿ ಪರೀಕ್ಷಿಸಿ ಅಂಕಿಗಳನ್ನು ಬರೆದಿಡದೆ ಅದನ್ನು ಕೆಡವಬೇಕೆಂಬ ಪತ್ರಕ್ಕೆ ಸಹಿ ಮಾಡಬೇಡಿ. ಎರಡನೆಯದು, ನೀವು ಬರೆಯುವ ಅಂದಾಜುಪಟ್ಟಿಯಲ್ಲಿ ಕಂಪನಿಯ ಹೆಸರಿಗೆ ಬದಲಾಗಿ ಮಾನಕದ ಸಂಖ್ಯೆ, ದರ್ಜೆ, ಸಂರಕ್ಷಣೆಯ ವಿಧಾನ, ತೇವಾಂಶದ ಮೇರೆ ಇವುಗಳನ್ನು ನಮೂದಿಸಿ, ಸರಕು ಬಂದಿಳಿದ ದಿನ ತೇವಮಾಪಕವನ್ನು ನೀವೇ ಹಿಡಿದು ನಿಲ್ಲಿರಿ. ಮೂರನೆಯದು ಸ್ವಲ್ಪ ದೀರ್ಘವಾದ ವ್ರತ. ನಿಮ್ಮ ಕಾಲೇಜಿನ ಆವರಣದಲ್ಲಿ ಹತ್ತು ಅಡಿ ಚೌಕದ ನೆಲವನ್ನು ಬೇಡಿ ಪಡೆದುಕೊಳ್ಳಿ. ನಮ್ಮ ಸೀಮೆಯ ಮರಗಳಲ್ಲಿ, ಸಂಸ್ಕರಿಸಿದ್ದೂ ಸಂಸ್ಕರಿಸದ್ದೂ ಬೇರೆ ಬೇರೆಯಾಗಿ, ಎರಡಂಗುಲ ಚೌಕದ, ಎರಡಡಿ ಉದ್ದದ ಗೂಟಗಳನ್ನು ಕೊಯ್ಸಿ, ಸಂಖ್ಯೆ ಹಾಕಿ, ಅರ್ಧದವರೆಗೆ ಹೂಳಿರಿ. ಖರ್ಚು ಒಂದು ಮಧ್ಯಾಹ್ನದ ಕೂಲಿ ಮತ್ತು ಒಂದು ದಪ್ಪ ನೋಟ್‌ಬುಕ್ಕು. ಪ್ರತಿ ವರ್ಷದ ವಿದ್ಯಾರ್ಥಿಗಳು ಮಳೆಗಾಲ ಕಳೆದ ಮೇಲೆ ಅವನ್ನು ಕಿತ್ತು ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆದು, ಆ ಪುಟದ ಪ್ರತಿಯನ್ನು ಊರಿನ ಟಿಂಬರ್ ಡಿಪೊಗಳಿಗೂ ಆಚಾರ್ರ ಕೆಲಸದ ಮನೆಗಳಿಗೂ ಮುಟ್ಟಿಸಲಿ. ಹತ್ತು ವರ್ಷಗಳ ಮೇಲೆ ಈ ಊರಿನ ಬಳಿ, ಈ ಊರಿನ ಮಣ್ಣಿನದೇ ಆದ, ಯಾವ ವ್ಯಾಪಾರಿಯೂ ಅಲ್ಲಗಳೆಯಲಾಗದ ಒಂದು ಪಟ್ಟಿ ಇರುತ್ತದೆ. ಬರುವ ಮುಂಗಾರಿಗೆ ಮೊದಲೇ ಗೂಟಗಳನ್ನು ಹೂಳುವಿರೆಂದು ನಂಬಿದ್ದೇನೆ.

ಇತಿ ನಿಮ್ಮ ಹಿತೈಷಿ,
ನಿವೃತ್ತ ಎಂಜಿನಿಯರ್
ಮೈಸೂರು